ಮಹಾರಾಣಿಯ ಇಬ್ಬರು ಧರ್ಮಪುತ್ರಿಯರು

ಲಂಡನ್ ನಗರದ ಬ್ರಾಂಪ್ಟನ್ ಸ್ಮಶಾನದಲ್ಲಿ ಕೊಡಗಿನ ರಾಜಕುಮಾರಿಯೊಬ್ಬಳ ಸಮಾಧಿಯಿದೆ. 1864ರಲ್ಲಿ ಆಕೆ ತೀರಿಕೊಂಡಾಗ ವಯಸ್ಸು ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಹುಟ್ಟಿದ್ದು ಕಾಶಿಯಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ತನ್ನ ಹಿರಿಯರು ಆಳಿದ ಮಡಿಕೇರಿಯ ಕೋಟೆಯನ್ನು ಆಕೆ ಕಣ್ಣಾರೆ ಕಂಡವಳಲ್ಲ. ಆಕೆಯ ಹೆಸರು ಗೌರಮ್ಮ. ಕೊಡಗಿನ ಗೌರಮ್ಮ ಎಂದೊಡನೆ ನಮ್ಮ ಓದುಗರಿಗೆ ಸಣ್ಣಕಥೆಗಳನ್ನು ಬರೆದು ಇಪ್ಪತ್ತೇಳರ ಹರೆಯದಲ್ಲೇ ಅಗಲಿದ ಕಥೆಗಾರ್ತಿ (1912–1939) ನೆನಪಾಗುವುದು ಸಹಜ. ನಾನಿಲ್ಲಿ ಹೇಳಹೊರಟಿರುವುದು ಅವರಿಗಿಂತ ಎಪ್ಪತ್ತೊಂದು ವರ್ಷ ಮೊದಲು, 1841ರಲ್ಲಿ ಹುಟ್ಟಿದ ಇನ್ನೊಬ್ಬ ಗೌರಮ್ಮನ ವಿಚಾರ.

ಈಕೆಯನ್ನು ಈಗ ನೆನೆಯಲು ಒಂದು ಕಾರಣವಿದೆ. ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ‘ದಿ ಅದರ್ ಪ್ರಿನ್ಸೆಸ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಕಳುಹಿಸಿಕೊಟ್ಟಳು. ಅಮೆರಿಕದ ಲೇಖಕಿ ಡೆನ್ನಿ ಎಸ್. ಬ್ರೈಸ್ 2023ರಲ್ಲಿ ಪ್ರಕಟಿಸಿದ ಈ ಐತಿಹಾಸಿಕ ಕಾದಂಬರಿಯ ನಾಯಕಿ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬ ಆಫ್ರಿಕಾದ ಹೆಣ್ಣುಮಗಳು. ಇಂತಹ ಕಾದಂಬರಿಗಳು ಈಚಿನ ವರ್ಷಗಳಲ್ಲಿ ಹಲವು ಬಂದಿವೆ. ಕಪ್ಪು ಜನಾಂಗದ ತರುಣಿಯರು ಒಲವು, ಸ್ವಂತ ಆಕಾಂಕ್ಷೆ, ಹಿರಿಯರ ಅಪೇಕ್ಷೆ ಎಂಬ ಮೂರು ಹಗ್ಗಗಳ ಸೆಳೆತಕ್ಕೆ ಸಿಕ್ಕು ಹೇಗೆ ಬದುಕಿದರೆಂಬುದೇ ಅವುಗಳ ವಸ್ತು. ಸಾರಾಳ ಬದುಕನ್ನು ಅರಿಯುತ್ತ ಹೋದಂತೆ ನಮ್ಮ ಗೌರಮ್ಮ ಪದೇ ಪದೇ ನೆನಪಾದಳು. ಕಾರಣ ಸರಳವಾಗಿದೆ. ಇಬ್ಬರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ಇಬ್ಬರೂ ನೆಲೆ ತಪ್ಪಿದ ಮಕ್ಕಳು. ಇಬ್ಬರನ್ನೂ ಸಾಕಿ ಬೆಳೆಸುವ ಹೊಣೆ ಹೊತ್ತವಳು ಒಬ್ಬಳೇ ಹೆಂಗಸು, ಇಂಗ್ಲೆಂಡಿನ ಮಹಾರಾಣಿ ವಿಕ್ಟೋರಿಯಾ.

ಮೊದಲು ಗೌರಮ್ಮನ ಕಥೆ. ಕೊಡಗನ್ನು ಆಳಿದ ಹಾಲೇರಿ ಮನೆತನ ವೀರಶೈವ ಮನೆತನ, ಅವರ ಆಸ್ಥಾನದ ನುಡಿ ಕನ್ನಡ. ಈ ಮನೆತನದಲ್ಲಿ ಹೆಣ್ಣುಮಕ್ಕಳ ಹಣೆಬರಹವನ್ನು ಹಿರಿಯರ ರಾಜಕಾರಣವೇ ಬರೆದದ್ದು ಗೌರಮ್ಮನಿಂದ ಆರಂಭವಾದುದಲ್ಲ. ದೊಡ್ಡವೀರರಾಜೇಂದ್ರನಿಗೆ ಗಂಡುಮಕ್ಕಳಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂಬುದು ಅವನ ಇಚ್ಛೆಯಾಗಿತ್ತು. 1809ರಲ್ಲಿ ಅವನು ತೀರಿಕೊಂಡ ಮೇಲೆ ಆ ಹುಡುಗಿಯ ಪರವಾಗಿ ಆಡಳಿತ ನೋಡಿಕೊಳ್ಳಬೇಕಾದ ಚಿಕ್ಕಪ್ಪ ಲಿಂಗರಾಜೇಂದ್ರ 1811ರಲ್ಲಿ ತಾನೇ ಪಟ್ಟವೇರಿದನು. ಅವನ ಮಗನೇ ಕೊಡಗಿನ ಕೊನೆಯ ಅರಸು ಚಿಕ್ಕವೀರರಾಜೇಂದ್ರ. 1834ರಲ್ಲಿ ಇಂಗ್ಲಿಷ್ ಕಂಪನಿ ಸರಕಾರ ಇವನನ್ನು ಪದಚ್ಯುತಗೊಳಿಸಿ, ಮೊದಲು ವೆಲ್ಲೂರಿಗೂ ಅನಂತರ ಕಾಶಿಗೂ ಕಳುಹಿಸಿತು. ಗೌರಮ್ಮ ಹುಟ್ಟಿದ್ದು ಈ ಗಡೀಪಾರಿನ ಕಾಲದಲ್ಲಿ. ತಾಯಿಯನ್ನು ಆಕೆ ಎಳವೆಯಲ್ಲೇ ಕಳೆದುಕೊಂಡಳು.

ಕಂಪನಿಯ ಬಳಿ ತನ್ನ ಮನೆತನದ ಹಣ ಉಳಿದಿದೆ, ಅದನ್ನು ಮರಳಿ ಪಡೆಯಬೇಕು ಎಂಬುದು ಪದಚ್ಯುತ ಅರಸನ ಹಂಬಲ. ಅದಕ್ಕಾಗಿ 1852ರಲ್ಲಿ ಅವನು ಇಂಗ್ಲೆಂಡಿಗೆ ಹೋದನು. ಸಮುದ್ರ ದಾಟಿ ಆ ದೇಶಕ್ಕೆ ಹೋದ ಮೊದಲ ಭಾರತೀಯ ಅರಸರಲ್ಲಿ ಅವನೊಬ್ಬ. ಜೊತೆಯಲ್ಲಿ ಹತ್ತು ಹನ್ನೊಂದು ವರ್ಷದ ಮಗಳು ಗೌರಮ್ಮನನ್ನು ಕರೆದೊಯ್ದನು. ಮಗಳನ್ನು ಮಹಾರಾಣಿಯ ಆಶ್ರಯದಲ್ಲಿ ಕ್ರೈಸ್ತಳಾಗಿ ಬೆಳೆಸಲು ಅವನೇ ಒಪ್ಪಿದನು. ಮಹಾರಾಣಿಯ ಅನುಗ್ರಹ ದೊರೆತರೆ ತನ್ನ ಅಹವಾಲಿಗೂ ಬಲ ಬಂದೀತೆಂಬ ಲೆಕ್ಕಾಚಾರ ಅದರಲ್ಲಿ ಇದ್ದಿತು. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಕೈಯಿಂದ ಗೌರಮ್ಮನಿಗೆ ದೀಕ್ಷಾಸ್ನಾನವಾಯಿತು. ಮಹಾರಾಣಿ ತಾನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ.

ಅರಮನೆಯ ಪ್ರಸಿದ್ಧ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ವರ್ಣಚಿತ್ರ ಬರೆದನು. ಮಾರೊಕೆಟ್ಟಿ ಎಂಬ ಶಿಲ್ಪಿ ಆಕೆಯ ಪ್ರತಿಮೆ ಮಾಡಿದನು. ಇವೆಲ್ಲ ದೊರೆತವು. ಆದರೆ ತಂದೆಯ ಸಹವಾಸ ದೊರೆಯಲಿಲ್ಲ. ಹಳೆಯ ಸಂಸ್ಕಾರ ಮತ್ತೆ ತಲೆ ಎತ್ತೀತೆಂಬ ಭಯದಿಂದ ಪಾಲಕರು ತಂದೆ–ಮಗಳ ಭೇಟಿಗೆ ಮಿತಿ ಹಾಕಿದರು. ಒಂದು ಮನೆಯಿಂದ ಇನ್ನೊಂದು ಮನೆಗೆ, ಒಬ್ಬ ಪಾಲಕರಿಂದ ಇನ್ನೊಬ್ಬ ಪಾಲಕರಿಗೆ ಆಕೆಯನ್ನು ಒಪ್ಪಿಸುತ್ತ ಹೋದರು. ತಂದೆ ತನ್ನ ವ್ಯಾಜ್ಯದಲ್ಲಿ ಗೆಲ್ಲದೆ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡನು.

ಇನ್ನು ಮದುವೆಯ ಮಾತು. ಪಂಜಾಬಿನ ಕೊನೆಯ ಸಿಖ್ ಅರಸು, ಬಾಲಕನಾಗಿದ್ದಾಗಲೇ ರಾಜ್ಯ ಕಳೆದುಕೊಂಡ ದುಲೀಪಸಿಂಗ ಆಗ ಇಂಗ್ಲೆಂಡಿನಲ್ಲಿದ್ದನು. ಅವನೂ ಕ್ರೈಸ್ತನಾಗಿದ್ದನು. ಭಾರತದ ಎರಡು ರಾಜವಂಶಗಳ ಈ ಇಬ್ಬರೂ ದಂಪತಿಗಳಾದರೆ ಎಷ್ಟು ಚೆನ್ನ ಎಂಬುದು ಮಹಾರಾಣಿಯ ಆಸೆ. ದುಲೀಪಸಿಂಗ ಒಪ್ಪಲಿಲ್ಲ. ಗೌರಮ್ಮನ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರುಂಟೋ ಇಲ್ಲವೋ, ನಮಗೆ ಸಿಗುವ ಬರಹಗಳಲ್ಲಿ ಎದ್ದು ಕಾಣುವುದು ಅವನ ನಿರಾಕರಣೆ ಮಾತ್ರ. ಈ ನಡುವೆ ಆಕೆ ತಾನಿದ್ದ ಮನೆಯ ಸೇವಕನೊಬ್ಬನಲ್ಲಿ ಮನಸ್ಸಿಟ್ಟಿದ್ದಾಳೆಂಬ ಸುದ್ದಿ ಹಬ್ಬಿ ಪಾಲಕರು ಗಾಬರಿಗೊಂಡರೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. 1860ರಲ್ಲಿ ಆಕೆಗೆ ಮದುವೆಯಾಯಿತು. ವರ ಕರ್ನಲ್ ಜಾನ್ ಕ್ಯಾಂಪ್‌ಬೆಲ್. ಹೆಂಡತಿಯನ್ನು ಕಳೆದುಕೊಂಡವನು, ಮಕ್ಕಳ ತಂದೆ, ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯ. ಆಗ ಆಕೆಯ ಪಾಲಕಿಯಾಗಿದ್ದ ಲೇಡಿ ಲಾಗಿನ್ ಎಂಬಾಕೆಯ ಸೋದರನೇ ಅವನು. ಮರುವರ್ಷ ಎಡಿತ್ ಎಂಬ ಹೆಣ್ಣುಮಗು ಹುಟ್ಟಿತು. ಮೂರು ವರ್ಷಗಳಲ್ಲಿ ಕ್ಷಯರೋಗ ತಾಯಿಯನ್ನು ಒಯ್ದಿತು.

ಗೌರಮ್ಮ ತೀರಿಕೊಂಡ ಕೆಲವೇ ತಿಂಗಳಲ್ಲಿ, ಅದೇ 1864ರಲ್ಲಿ, ದುಲೀಪಸಿಂಗ ಈಜಿಪ್ಟಿನಲ್ಲಿ ಬಾಂಬಾ ಮುಲ್ಲರ್ ಎಂಬ ಹುಡುಗಿಯನ್ನು ಮದುವೆಯಾದನು. ಆಕೆಯ ತಂದೆ ಜರ್ಮನಿಯವನು. ತಾಯಿ ಗುಲಾಮಳಾಗಿ ಮಾರಾಟಕ್ಕೊಳಗಾಗಿದ್ದ ಅಬಿಸೀನಿಯಾದ, ಎಂದರೆ ಇಂದಿನ ಇಥಿಯೋಪಿಯಾದ, ಹೆಂಗಸು. ಕೈರೋದ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಆ ಹುಡುಗಿಯನ್ನು ಕಂಡು ಒಪ್ಪಿ, ತಾನಾಗಿ ಕೇಳಿ ಮದುವೆಯಾದನು. ಗಂಡಾದ ದುಲೀಪನಿಗೆ ಮಹಾರಾಣಿಯ ಆಯ್ಕೆಯನ್ನು ಬದಿಗಿಟ್ಟು ತನ್ನ ಆಯ್ಕೆಯನ್ನು ಮುಂದಿಡಲು ಸಾಧ್ಯವಾಯಿತು. ಗೌರಮ್ಮನ ಮದುವೆ ಪಾಲಕರ ಮನೆಯೊಳಗೇ ನಡೆದುಹೋಯಿತು.

ಈಗ ಸಾರಾಳ ಕಥೆಗೆ ಬರೋಣ. ಆಕೆ ಹುಟ್ಟಿದ್ದು ಸುಮಾರು 1843ರಲ್ಲಿ, ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಊರೊಂದರಲ್ಲಿ. ಆ ನಾಡು ಇಂದಿನ ನೈಜೀರಿಯಾದಲ್ಲಿದೆ. ಡಹೋಮಿ ಎಂಬ ನೆರೆರಾಜ್ಯದ ಅರಸು ಗೆಜೋನ ಸೈನ್ಯ ಆ ಊರಿನ ಮೇಲೆ ಬಿದ್ದಾಗ ತಂದೆತಾಯಿ ಹತರಾದರು. ಸುಮಾರು ಐದು ವರ್ಷದ ಹುಡುಗಿ ಸೆರೆಯಾದಳು. 1850ರಲ್ಲಿ ಇಂಗ್ಲಿಷ್ ನೌಕಾಪಡೆಯ ಕ್ಯಾಪ್ಟನ್ ಫೋರ್ಬ್ಸ್ ಗುಲಾಮ ವ್ಯಾಪಾರವನ್ನು ನಿಲ್ಲಿಸುವಂತೆ ಕೇಳಲು ಗೆಜೋನ ಬಳಿಗೆ ಹೋದನು. ಗೆಜೋ ಆ ಹುಡುಗಿಯನ್ನು ಇಂಗ್ಲೆಂಡಿನ ರಾಣಿಗೆ ಉಡುಗೊರೆಯೆಂದು ಕೊಟ್ಟನು. ಒಂದು ಮಗುವನ್ನು ಉಡುಗೊರೆಯಾಗಿ ಕೊಡುವುದೆಂದರೇನೆಂದು ಓದುಗರೇ ಯೋಚಿಸಬೇಕು. ಆದರೆ ಒಲ್ಲೆನೆಂದರೆ ಮಗು ಬಲಿಯಾಗುವ ಭಯವಿತ್ತು. ಫೋರ್ಬ್ಸ್ ಆಕೆಗೆ ತನ್ನ ಮನೆತನದ ಹೆಸರನ್ನೂ ತನ್ನ ಹಡಗು ಬೊನೆಟ್ಟಾದ ಹೆಸರನ್ನೂ ಸೇರಿಸಿ ಹೆಸರಿಟ್ಟನು. ಗೌರಮ್ಮನಿಗೆ ರಾಣಿಯ ಹೆಸರು ಅಂಟಿತು, ಸಾರಾಳಿಗೆ ಒಂದು ಹಡಗಿನ ಹೆಸರು.

ಹುಡುಗಿಯ ಚುರುಕುತನಕ್ಕೆ ಮಹಾರಾಣಿ ಮೆಚ್ಚಿ ಅವಳ ವಿದ್ಯಾಭ್ಯಾಸದ ವೆಚ್ಚ ವಹಿಸಿಕೊಂಡಳು. ಧರ್ಮಪುತ್ರಿಯೆಂದೇ ಆಕೆ ಹೆಸರಾದಳು. ಇಂಗ್ಲೆಂಡಿನ ಚಳಿ ಒಗ್ಗದೆಂದು 1851ರಲ್ಲಿ ಆಫ್ರಿಕಾದ ಫ್ರೀಟೌನ್ ಪಟ್ಟಣದ ಮಿಷನ್ ಶಾಲೆಗೆ ಕಳುಹಿಸಿದರು. 1855ರಲ್ಲಿ ಮತ್ತೆ ಇಂಗ್ಲೆಂಡಿಗೆ ಕರೆಸಿ ಷೋನ್ ಎಂಬ ಪಾದ್ರಿಯ ಕುಟುಂಬದಲ್ಲಿ ಇರಿಸಿದರು. ಪ್ರಾಯಕ್ಕೆ ಬಂದ ಮೇಲೆ ಜೇಮ್ಸ್ ಡೇವಿಸ್ ಎಂಬ ವ್ಯಾಪಾರಿ ಆಕೆಯನ್ನು ಕೇಳಿಕೊಂಡು ಬಂದನು. ಯೊರುಬಾ ಮೂಲದವನು, ಅನುಕೂಲಸ್ಥ, ಹೆಂಡತಿಯನ್ನು ಕಳೆದುಕೊಂಡವನು. ಹಿರಿಯರಿಗೆಲ್ಲ ಸಂಬಂಧ ಒಪ್ಪಿಗೆಯಾಯಿತು, ಸಾರಾಳಿಗೆ ಆಗಲಿಲ್ಲ. ಆಕೆಯನ್ನು ಷೋನ್ ಮನೆಯಿಂದ ಬಿಡಿಸಿ ಬ್ರೈಟನ್ ಪಟ್ಟಣದಲ್ಲಿ ಇಬ್ಬರು ವೃದ್ಧೆಯರ ಮನೆಯಲ್ಲಿ ಇರಿಸಿದರು. ಅಲ್ಲಿಂದ ಆಕೆ ತಾನು ಅಮ್ಮನೆಂದೇ ಭಾವಿಸಿದ್ದ ಷೋನ್ ಪತ್ನಿಗೆ ಒಂದು ಪತ್ರ ಬರೆದಳು. ಆ ಮನುಷ್ಯನಲ್ಲಿ ಆ ಬಗೆಯ ಪ್ರೀತಿ ತನಗೆ ಹುಟ್ಟದೆಂದೂ, ಹಣಕ್ಕಾಗಿ ಮನಸ್ಸಿನ ನೆಮ್ಮದಿಯನ್ನು ಮಾರಿಕೊಳ್ಳಲಾರೆನೆಂದೂ ಅದರಲ್ಲಿ ತಿಳಿಸಿದಳು. ಆದರೂ 1862ರ ಆಗಸ್ಟಿನಲ್ಲಿ ಬ್ರೈಟನ್ನಿನ ಚರ್ಚಿನಲ್ಲಿ ಬಹಳ ವೈಭವದಿಂದ ಅದೇ ವರನೊಡನೆ ಮದುವೆ ನಡೆಯಿತು. ದಂಪತಿಗಳು ಆಫ್ರಿಕಾಕ್ಕೆ ಮರಳಿ ಲಾಗೋಸ್ ಪಟ್ಟಣದಲ್ಲಿ ನೆಲೆಸಿದರು. ಹಿರಿಯ ಮಗಳಿಗೆ ವಿಕ್ಟೋರಿಯಾ ಎಂದು ಹೆಸರಿಟ್ಟರು. ಮಹಾರಾಣಿ ಆ ಮಗುವಿಗೂ ಧರ್ಮಮಾತೆಯಾದಳು. ಸಾರಾಳನ್ನು ಸಹ ಕ್ಷಯರೋಗವೇ ಕಾಡಿತು. ಆರೋಗ್ಯಕ್ಕೆಂದು ಹೋಗಿದ್ದ ಮದೀರಾ ದ್ವೀಪದಲ್ಲಿ 1880ರಲ್ಲಿ ತೀರಿಕೊಂಡಳು.

ಇಬ್ಬರ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ಸಾಮ್ಯಗಳು ಕಾಣುತ್ತವೆ. ಆದರೆ ಚರಿತ್ರೆಯನ್ನು ಪಾಠ ಹೇಳಿದವನಾಗಿ ನನ್ನ ಗಮನ ಸೆಳೆದದ್ದು ಒಂದು ವ್ಯತ್ಯಾಸ. ಸಾರಾಳ ಆ ಪತ್ರ ಉಳಿಯಿತು. ಮಹಾರಾಣಿಯ ದಿನಚರಿ, ಪಾಲಕರ ಕಾಗದಗಳು, ಮದುವೆಯ ವೈಭವವನ್ನು ಬಣ್ಣಿಸಿದ ಪತ್ರಿಕಾ ವರದಿಗಳು ಇವೆಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು, ಆ ಒಂದು ಪತ್ರವನ್ನು ಇನ್ನೊಂದು ತಟ್ಟೆಯಲ್ಲಿಟ್ಟರೆ ತಕ್ಕಡಿ ಪತ್ರದ ಕಡೆಗೇ ವಾಲುತ್ತದೆ. ಅದಿಲ್ಲದಿದ್ದರೆ ಸಾರಾ ಒಪ್ಪಿ ನಲಿದು ಮದುವೆಯಾದಳೆಂದೇ ನಾವು ತಿಳಿಯುತ್ತಿದ್ದೆವು. ಮದುವೆಯ ಛಾಯಾಚಿತ್ರಗಳನ್ನು ನೋಡಿ ಸಂತೋಷಪಡುತ್ತಿದ್ದೆವು. ಗೌರಮ್ಮನ ವಿಷಯದಲ್ಲಿ ನಾವು ಇರುವುದು ಈ ಸ್ಥಿತಿಯಲ್ಲಿ. ಆಕೆಯನ್ನು ನಾವು ಹೆಚ್ಚಾಗಿ ಅರಿಯುವುದು ಮಹಾರಾಣಿಯ ದಿನಚರಿಯಿಂದ ಮತ್ತು ಲೇಡಿ ಲಾಗಿನ್ನಳ ನೆನಪುಗಳಿಂದ. ಎಂದರೆ ಧರ್ಮಮಾತೆಯ ಮಾತಿನಿಂದ ಮತ್ತು ನಾದಿನಿಯ ಮಾತಿನಿಂದ. ಸೊಸೆಯ ಮನಸ್ಸನ್ನು ಅತ್ತಿಗೆ–ನಾದಿನಿಯರ ಬಾಯಿಂದ ತಿಳಿಯಲು ಹೊರಟರೆ ಏನಾಗುವುದೆಂದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಐತಿಹಾಸಿಕ ಕಾದಂಬರಿಯ ಕೆಲಸ ಆರಂಭವಾಗುವುದು ಇಲ್ಲಿ. ದಾಖಲೆ ಮೌನವಾದಲ್ಲಿ ಕಾದಂಬರಿಕಾರ ಮಾತಾಡುತ್ತಾನೆ. ಆದರೆ ಅವನ ಬಾಯಲ್ಲಿ ಬರುವ ಮಾತು ಆ ಹೆಣ್ಣಿನದೋ, ಅವನ ಕಾಲದ ಹಿರಿಯರದೋ ಎಂಬುದನ್ನು ಪರೀಕ್ಷಿಸಬೇಕು. ಇದಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆಯಿದೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ತುಮಕೂರು ರಸ್ತೆಯಲ್ಲಿ ದಾಬಸಪೇಟೆಯ ಬಳಿ ಇರುವ ಶಿವಗಂಗೆಗೆ ಶಾಲಾ ಪ್ರವಾಸ ಹೋಗಿ ಬೆಟ್ಟ ಹತ್ತಿದವರು. ಮೇಲೆ ಹೋದಾಗ ‘ಶಾಂತಲೆ ಇಲ್ಲಿಂದ ಹಾರಿದಳು’ ಎಂದು ಜನ ಒಂದು ಪ್ರಪಾತವನ್ನು ತೋರಿಸಿದ್ದು ನಿಮಗೆ ನೆನಪಿರಬಹುದು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ ಮಕ್ಕಳಿಲ್ಲದ ಕೊರಗಿನಿಂದ, ಸವತಿ ಲಕ್ಷ್ಮೀದೇವಿಗೆ ದಾರಿ ಬಿಟ್ಟುಕೊಟ್ಟು ಪ್ರಾಣತ್ಯಾಗ ಮಾಡಿದಳೆಂಬುದು ಜನಜನಿತ ಕಥೆ.

ಶಾಸನ ಹೇಳುವುದೇನು? ಶ್ರವಣಬೆಳಗೊಳದ ಶಾಸನದ ಪ್ರಕಾರ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳ ಮರಣಾನಂತರ ತಾಯಿ ಬೆಳಗೊಳಕ್ಕೆ ಬಂದು ಸನ್ಯಸನ ವ್ರತದಿಂದ ಪ್ರಾಣ ಬಿಟ್ಟಳು. ಹಾರಿದ ಮಾತು ಶಾಸನದಲ್ಲಿಲ್ಲ. ಅಲ್ಲಿರುವ ಶಾಂತಲೆಯ ಬಿರುದುಗಳನ್ನು ನೋಡಿದರೆ ಬೇರೆಯೇ ಹೆಣ್ಣೊಬ್ಬಳು ಕಣ್ಣಮುಂದೆ ನಿಲ್ಲುತ್ತಾಳೆ. ವಿವೇಕದಲ್ಲಿ ಬೃಹಸ್ಪತಿ, ಗೀತ ವಾದ್ಯ ನೃತ್ಯಗಳ ಸೂತ್ರಧಾರೆ, ಸೊಕ್ಕಿದ ಸವತಿಯರಿಗೆ ಮದಗಜ! ಈ ಕೊನೆಯ ಬಿರುದಿನಿಂದಲೇ 1123ರಲ್ಲಿ ಆಕೆ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿ ಎಂಬ ಹೆಸರು ಬಂದಿತು. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯೂ ಆಕೆಯದೇ. ಸವತಿಯರ ಪಾಲಿಗೆ ಮದಗಜವೆಂಬ ಬಿರುದನ್ನು ಬಸದಿಗೇ ಇಟ್ಟು ಮೆರೆದವಳು ಸವತಿಗಾಗಿ ಬೆಟ್ಟದಿಂದ ಹಾರಿದಳೆಂದರೆ ನಂಬುವುದು ಹೇಗೆ?

ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ತ್ಯಾಗಮಯಿಯಾದ ಶಾಂತಲೆಯನ್ನು ಮನೆಮಾತಾಗಿಸಿತು. ಆ ಕಾದಂಬರಿಯ ಸೊಗಸು ಸೊಗಸೇ. ಅನಂತರ ಸಿ.ಕೆ. ನಾಗರಾಜರಾಯರು ಶಾಸನಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಆತ್ಮಹತ್ಯೆಯ ಕಥೆಗೆ ಆಧಾರವಿಲ್ಲವೆಂಬ ನಿಲುವಿನಿಂದ ‘ಪಟ್ಟಮಹಾದೇವಿ ಶಾಂತಲಾದೇವಿ’ (1978) ಎಂಬ ಬೃಹತ್ ಕಾದಂಬರಿಯನ್ನು ಬರೆದರು. ಅದಕ್ಕೆ 1983ರ ಮೂರ್ತಿದೇವಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿಯನ್ನು ಪಡೆದವರಲ್ಲಿ ಅವರೇ ಮೊದಲಿಗರು. ಕಲ್ಲು ಒಂದೇ, ಹೆಂಗಸರು ಇಬ್ಬರು. ಒಬ್ಬಳು ಕುಟುಂಬದ ಅಪೇಕ್ಷೆಗಾಗಿ ತನ್ನನ್ನೇ ಅಳಿಸಿಕೊಂಡವಳು, ಇನ್ನೊಬ್ಬಳು ವಿದ್ಯೆ, ಒಲವು, ರಾಜ್ಯ ಮೂರನ್ನೂ ನಿಭಾಯಿಸಿದವಳು. ಜನರ ನಾಲಗೆಯ ಮೇಲೆ ಇಂದಿಗೂ ಉಳಿದಿರುವವಳು ಮೊದಲನೆಯವಳೇ. ತ್ಯಾಗದ ಹೆಣ್ಣು ನಮಗೆ ಬೇಗ ಪ್ರಿಯಳಾಗುತ್ತಾಳೆ. ಶಾಸನದ ಹೆಣ್ಣನ್ನು ಒಪ್ಪಲು ಹೊತ್ತು ಹಿಡಿಯುತ್ತದೆ.

ಗೌರಮ್ಮನ ತಂದೆಯನ್ನು ಕುರಿತು ಕನ್ನಡದಲ್ಲಿ ಮಹಾಕೃತಿಯೇ ಇದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಪ್ರಕಟವಾದದ್ದು 1956ರಲ್ಲಿ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ ಆ ಕಾದಂಬರಿಯ ಹೆಸರು ಮನೆಮನೆಗೂ ತಿಳಿಯಿತು. ಅದರಲ್ಲಿ ಅರಸನ ರಾಣಿ, ಅವನ ಸೆರೆಯಲ್ಲಿ ನವೆಯುವ ತಂಗಿ ದೇವಮ್ಮಾಜಿ ಇಬ್ಬರೂ ಮರೆಯಲಾಗದ ಪಾತ್ರಗಳು. ಆದರೆ ಅಲ್ಲಿಯ ಮುಖ್ಯ ಪ್ರಶ್ನೆ ಒಂದು ರಾಜ್ಯ ಹೇಗೆ ಹಾಳಾಯಿತು ಎಂಬುದು. ರಾಜ್ಯ ಹೋದ ಏಳು ವರ್ಷಗಳ ಮೇಲೆ ಹುಟ್ಟಿ, ಹೋದ ರಾಜ್ಯದ ಋಣವನ್ನು ತನ್ನ ಮೈಮೇಲೆ ಹೊತ್ತ ಹುಡುಗಿಯ ಒಳಗನ್ನು ಬಿಡಿಸಲು ಆ ಕಥೆಯ ಅಳತೆಯಲ್ಲಿ ಎಡೆಯಿರಲಿಲ್ಲ. ಕೊಡಗಿನವರೇ ಆದ ಸಿ.ಪಿ. ಬೆಳ್ಳಿಯಪ್ಪನವರು ಇಂಗ್ಲಿಷಿನಲ್ಲಿ ಗೌರಮ್ಮನ ಚರಿತ್ರೆಯನ್ನು ಶ್ರಮವಹಿಸಿ ಬರೆದಿದ್ದಾರೆ. ನನ್ನ ಓದುಗರಲ್ಲಿ ಬರೆಯುವ ಹವ್ಯಾಸವುಳ್ಳ ತರುಣಿಯರಿದ್ದಾರೆ. ಅವರಲ್ಲಿ ಒಬ್ಬಳಾದರೂ ಕನ್ನಡದಲ್ಲಿ ಆಕೆಯನ್ನು ಕಾದಂಬರಿಯ ನಡುಮನೆಗೆ ಕರೆತರಬೇಕೆಂಬುದು ನನ್ನ ಆಸೆ.

ಬರೆಯುವವಳಿಗೆ ಒಂದು ಎಚ್ಚರಿಕೆ ಹೇಳಬೇಕು. ಗೌರಮ್ಮನನ್ನು ಇಂದಿನ ಕಾಲದ ಬಂಡಾಯಗಾರ್ತಿಯನ್ನಾಗಿ ಮಾಡುವುದು ಸುಲಭ, ಕಣ್ಣೀರಿನ ಗೊಂಬೆಯನ್ನಾಗಿ ಮಾಡುವುದು ಇನ್ನೂ ಸುಲಭ. ಎರಡೂ ಆಕೆಗೆ ಸಲ್ಲುವ ನ್ಯಾಯವಲ್ಲ. ಆಕೆಯ ಸುತ್ತ ಇದ್ದವರು ದುಷ್ಟರಾಗಿರಲಿಲ್ಲ ಎಂಬುದೇ ಆಕೆಯ ಕಷ್ಟದ ತಿರುಳು. ತಂದೆಗೆ ಮಗಳ ಮೇಲೆ ಅಕ್ಕರೆಯಿತ್ತು. ಮಹಾರಾಣಿಗೆ ನಿಜವಾದ ಮಮತೆಯಿತ್ತು. ಸಮಾಧಿಯ ಕಲ್ಲನ್ನು ಹಾಕಿಸಿದವಳೂ ಆಕೆಯೇ. ಪಾಲಕಿಗೆ ಹುಡುಗಿಗೊಂದು ನೆಲೆಯಾಗಲೆಂಬ ಕಾಳಜಿಯಿತ್ತು. ಎಲ್ಲರೂ ಆಕೆಯ ಒಳಿತನ್ನೇ ಬಯಸಿದರು. ಆ ಒಳಿತು ಯಾವುದೆಂದು ಆಕೆಯ ಬಾಯಿಂದ ಕೇಳಲು ಯಾರಿಗೂ ಪುರುಸೊತ್ತಾಗಲಿಲ್ಲ.

ಈ ಮಾತು ನೂರಾರು ವರ್ಷ ಹಿಂದಿನ ಲಂಡನ್ನಿಗೆ ಮಾತ್ರ ಸಲ್ಲುವುದಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಒಂದು ಕಲಮು ಇರುತ್ತಿತ್ತು. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ನಿಂತುಹೋದ ಎಷ್ಟೋ ಹೆಣ್ಣುಮಕ್ಕಳ ಹೆಸರಿನ ಮುಂದೆ ಅಲ್ಲಿ ‘ವಿವಾಹ’ ಎಂಬ ಒಂದೇ ಪದವನ್ನು ನಾನು ಓದಿದ್ದೇನೆ. ಮುಂದೆ ಯಾರಾದರೂ ಆ ಪುಸ್ತಕವನ್ನು ಆಧಾರವಾಗಿಟ್ಟು ಚರಿತ್ರೆ ಬರೆದರೆ ಅವರಿಗೆ ಸಿಗುವುದು ಅಷ್ಟೇ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿ, ಚರ್ಚಾಕೂಟದಲ್ಲಿ ಬಹುಮಾನ ಗೆದ್ದ ಹುಡುಗಿ, ಎಲ್ಲರೂ ಆ ಒಂದು ಪದದೊಳಗೆ ಹೋಗಿ ಸೇರಿದ್ದಾರೆ.

ನಮ್ಮ ಚಂದ್ರಾ ಲೇಔಟಿನ ಉದ್ಯಾನದಲ್ಲಿ ಸಂಜೆ ಹೊತ್ತು ಹಿರಿಯ ಹೆಂಗಸರು ಕಲ್ಲುಬೆಂಚುಗಳ ಮೇಲೆ ಕುಳಿತು ಮಾತಾಡುತ್ತಾರೆ. ಅವರಲ್ಲೊಬ್ಬರಿಗೆ ನಾನು ಗೌರಮ್ಮನ ಕಥೆಯನ್ನು ಹೇಳಿದೆ. ಎಪ್ಪತ್ತು ದಾಟಿದವರು. ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷ ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಅವರಿಗೆ ಸೀಟು ಸಿಕ್ಕಿತ್ತಂತೆ. ಅದೇ ತಿಂಗಳು ಗಂಡಿನ ಕಡೆಯವರು ನೋಡಿಕೊಂಡು ಹೋಗಿ ಲಗ್ನ ನಿಶ್ಚಯವಾಯಿತಂತೆ. ‘ನಿಮಗೇನು ಇಷ್ಟವಿತ್ತಮ್ಮ?’ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಆಗ ಯಾರೂ ಕೇಳಲಿಲ್ಲ ಮೇಷ್ಟ್ರೇ. ಕೇಳಿದ್ದರೆ ಏನು ಹೇಳ್ತಿದ್ದೆನೋ, ಈಗ ನನಗೂ ಗೊತ್ತಿಲ್ಲ’ ಎಂದರು. ಅವರ ಸಂಸಾರ ಚೆನ್ನಾಗಿಯೇ ನಡೆದಿದೆ. ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಆದರೂ ಆ ಉತ್ತರ ನನ್ನನ್ನು ಬಿಟ್ಟಿಲ್ಲ. ಕೇಳದೆ ಹೋದ ಪ್ರಶ್ನೆ ಆಸೆಯನ್ನು ತಡೆಯುವುದಷ್ಟೇ ಅಲ್ಲ, ಆಸೆ ರೂಪು ತಾಳುವುದಕ್ಕೂ ಬಿಡುವುದಿಲ್ಲ. ಗೌರಮ್ಮನ ಮೌನವೂ ಇಂತಹುದೇ ಆಗಿದ್ದಿರಬೇಕು. ಸಾರಾ ಮಾತ್ರ ಪತ್ರ ಬರೆಯುವಷ್ಟು ಸ್ಪಷ್ಟವಾಗಿ ತನ್ನ ಮನಸ್ಸನ್ನು ಕಂಡುಕೊಂಡಿದ್ದಳು. ಅದರಿಂದ ಮದುವೆ ನಿಲ್ಲಲಿಲ್ಲ ನಿಜ. ಆದರೆ ಆಕೆಯ ಮಾತು ನೂರರವತ್ತು ವರ್ಷ ದಾಟಿ ಒಂದು ಕಾದಂಬರಿಯವರೆಗೆ ಬಂದು ಮುಟ್ಟಿತು.

ಆದ್ದರಿಂದ ಇದನ್ನು ಓದುತ್ತಿರುವ ನನ್ನ ಶಿಷ್ಯವರ್ಗಕ್ಕೂ ಬಂಧುಗಳಿಗೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಸೋದರತ್ತೆ ಯಾರಾದರೂ ಇದ್ದರೆ ಈ ರಜೆಯಲ್ಲಿ ಅವರ ಬಳಿ ಕುಳಿತು, ಹದಿನಾರು ಹದಿನೇಳರ ಪ್ರಾಯದಲ್ಲಿ ಅವರಿಗೆ ಏನಾಗಬೇಕೆಂದಿತ್ತೆಂದು ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ. ತಿದ್ದಬೇಡಿ, ಸೊಗಸು ಮಾಡಬೇಡಿ. ನೆನಪಿಲ್ಲವೆಂದರೆ ನೆನಪಿಲ್ಲವೆಂದೇ ಬರೆಯಿರಿ. ಜೊತೆಗೆ, ಮನೆಯಲ್ಲಿ ಈಗ ಹದಿನಾರರ ಹುಡುಗಿಯಿದ್ದರೆ ಅದೇ ಪ್ರಶ್ನೆಯನ್ನು ಅವಳಿಗೂ ಕೇಳಿ, ಉತ್ತರ ಬರುವವರೆಗೆ ಕಾಯಿರಿ.